ಡಿಕ್ಕಿಯಲ್ಲಿದ್ದ ಕೀಬೋರ್ಡು

ಗೆಳೆಯಾ,

ಹೋದ ವಾರ ಫೋನಿನಲ್ಲಿ "ಅಟ್ಟದ ಮೇಲಿರೋ ಕೀಬೋರ್ಡ್ ಮಾರಿಬಿಡ್ತೀನಿ ಮಾರಾಯ, ಧೂಳು ತಿನ್ನಿಸೋಕೆ ಯಾಕೆ ಇಟ್ಕೋಬೇಕು" ಅಂದೆಯಲ್ಲ, ನಾನು ಹ್ಞೂಂಗುಟ್ಟಿ ಮಾತು ಬದಲಿಸಿದೆ. ಆಮೇಲೆ ಎರಡು ದಿನ ಅದೇ ತಲೆಯಲ್ಲಿ ಕೊರೆಯಿತು. ಶಿವಮೊಗ್ಗದ ಗಣಪತಿ ಪೆಂಡಾಲುಗಳಲ್ಲಿ ಅದೇ ಕೀಬೋರ್ಡಿನ ಮುಂದೆ ನೀನು ರಾತ್ರಿ ಒಂದರವರೆಗೆ ನಿಂತಿರುತ್ತಿದ್ದೆ. ಹಾಡಿದವನ ಕೊರಳಿಗೆ ಹಾರ ಬೀಳುತ್ತಿತ್ತು. ನಿನಗೆ ಸಿಗುತ್ತಿದ್ದದ್ದು ಆರಿದ ಚಿತ್ರಾನ್ನದ ಪೊಟ್ಟಣ. ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ನಿಂತಿದ್ದವನು ನೀನೊಬ್ಬನೇ ಅಲ್ಲವಲ್ಲ.

ನಾನಿರುವ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಿಂದ ನದಿ ದಾಟಿದರೆ ವಾಷಿಂಗ್ಟನ್. ಇಲ್ಲಿ ಇಥಿಯೋಪಿಯನ್ನರು ಎಷ್ಟು ಜನ ಎಂದರೆ, ಟ್ಯಾಕ್ಸಿ ಹತ್ತಿದರೂ, ಪಾರ್ಕಿಂಗ್ ಚೀಟಿ ತೆಗೆದುಕೊಂಡರೂ ಅವರ ಅಮ್ಹಾರಿಕ್ ಭಾಷೆ ಕಿವಿಗೆ ಬೀಳುತ್ತದೆ. ಒಂದು ಸಂಜೆ ಯು ಸ್ಟ್ರೀಟಿನ ಹತ್ತಿರ ಅವರ ಹೋಟೆಲೊಂದಕ್ಕೆ ಹೋಗಿದ್ದೆ. ಇಂಜೆರಾ ಬಂತು. ಹುಳಿ ಬಂದ ದೋಸೆ ಹಿಟ್ಟಿಗೆ ಸ್ಪಂಜಿನ ಗುಣ ಬಂದರೆ ಹೇಗಿರುತ್ತದೋ ಹಾಗೆ, ಪಲ್ಯವೆಲ್ಲ ಅದರ ಮೇಲೇ. ಗೋಡೆಯ ಮೇಲೆ ಅಕ್ಷರಗಳ ಪಟ್ಟಿ ತೂಗುಹಾಕಿದ್ದರು. ಬಡಿಸುವ ಹುಡುಗಿ ಒಂದು ಸಾಲನ್ನು ಓದಿ ತೋರಿಸಿದಳು: ಹ, ಹು, ಹಿ, ಹಾ, ಹೇ... ನನಗೆ ನಗು ತಡೆಯಲಾಗಲಿಲ್ಲ. ಕಾಗುಣಿತ ಕಣೋ! ಒಂದು ವ್ಯಂಜನಕ್ಕೆ ಏಳು ರೂಪ, ಅಂಥ 33 ಸಾಲು. ಆ ಲಿಪಿಗೆ ಅವರು ಫಿದೆಲ್ ಅನ್ನುತ್ತಾರೆ. ಇದೇ ಊರಿನ ಒಂದು ಜಾಝ್ ತಂಡ ಅದನ್ನೇ ಹೆಸರಾಗಿಟ್ಟುಕೊಂಡಿದೆ, ಫೀದೆಲ್ ಬ್ಯಾಂಡ್. ನಾನು ಹೇಳಬೇಕೆಂದಿರುವ ಕಥೆಯ ಒಬ್ಬ ಮನುಷ್ಯ ಆ ತಂಡದಲ್ಲೂ ಸಿಗುತ್ತಾನೆ. ಸ್ವಲ್ಪ ತಾಳು.

ಹೋಟೆಲಿನಲ್ಲಿ ಹಾಕಿದ್ದ ಹಾಡಿನ ಮೇಲೆ ನನ್ನ ಕಿವಿ ಬೇಗ ಕೂತಿತು. ನಿನಗಾದರೆ ಎರಡನೇ ಸಾಲಿಗೇ ಹೊಳೆಯುತ್ತಿತ್ತು, ಮೋಹನ ರಾಗ ಅಂತ. ಅವರದು ಬಹುಪಾಲು ಐದು ಸ್ವರಗಳ ಲೋಕ. ತಿಝಿತಾ ಎಂಬ ಮೇಳದ, ಅಂದರೆ ಸ್ವರಗಳ ಗುಂಪಿನ, ಒಂದು ರೂಪ ನಮ್ಮ ಮೋಹನದ ಸ್ವರಗಳೇ: ಸ ರಿ ಗ ಪ ದ. ಅದರ ದುಃಖದ ರೂಪದಲ್ಲಿ ಗಾಂಧಾರ, ಧೈವತ ಎರಡೂ ಕೋಮಲ. ಶಿವರಂಜನಿಯ ಧೈವತವನ್ನು ಒಂದು ಮೆಟ್ಟಿಲು ಇಳಿಸಿದ ಹಾಗೆ. ಅಂಬಾಸೆಲ್ ಅಂತ ಇನ್ನೊಂದಿದೆ, ಅದರ ಸ್ವರಗಳು ನಿಮ್ಮ ಮೇಷ್ಟ್ರು ಹಾರ್ಮೋನಿಯಂ ಮೇಲೆ ನುಡಿಸುತ್ತಿದ್ದ ಗುಣಕ್ರಿಯವೇ. ಸ್ವರ ಒಂದೇ ಆದರೂ ನಡೆ ಬೇರೆ. ಕೆಳಗೆ ಆರು ಮಾತ್ರೆಯ ಲಯ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ, ಚಿಕ್‌ಚಿಕಾ ಅನ್ನುತ್ತಾರೆ. ಅದಕ್ಕೆ ಅವರು ಕುಣಿಯುವುದು ಕಾಲಿನಿಂದಲ್ಲ, ಭುಜದಿಂದ. ತಿಝಿತಾ ಎಂಬ ಮಾತಿಗೆ ನೆನಪು ಅಂತ ಅರ್ಥ, ಹಂಬಲ ಅಂತಲೂ. ಮೇಳಕ್ಕೂ ಆ ಬಗೆಯ ಹಾಡಿಗೂ ಮನಸ್ಸಿನ ಆ ಸ್ಥಿತಿಗೂ ಒಂದೇ ಹೆಸರು.

ಈಗ ಮನುಷ್ಯರ ವಿಷಯಕ್ಕೆ ಬರುತ್ತೇನೆ.

ಇಥಿಯೋಪಿಯನ್ ಜಾಝ್ ಅಂದರೆ ಎಲ್ಲರೂ ಮುಲಾತು ಅಸ್ತಾತ್ಕೆಯ ಹೆಸರು ಹೇಳುತ್ತಾರೆ. ಸರಿಯೇ. ಇಥಿಯೋಪಿಯಾದ ಜಿಮ್ಮಾದಲ್ಲಿ ಹುಟ್ಟಿ, ಎಂಜಿನಿಯರ್ ಆಗಲೆಂದು ವೇಲ್ಸ್‌ಗೆ ಕಳಿಸಿದರೆ ಸಂಗೀತಕ್ಕೆ ಹೊರಳಿ, ಲಂಡನ್, ಬಾಸ್ಟನ್, ನ್ಯೂಯಾರ್ಕ್ ಸುತ್ತಿದವನು. ಅವನ ಮೊದಲ ಎರಡು ರೆಕಾರ್ಡು 1966ರಲ್ಲಿ ಬಂದದ್ದು ಅಮೆರಿಕದಲ್ಲಿ. ಅಂದರೆ ಈ ಸಂಗೀತ ಮೊಳೆತದ್ದೇ ಪರದೇಶದ ಮಣ್ಣಿನಲ್ಲಿ. ಇನ್ನೂ ಹಿಂದಕ್ಕೆ ಹೋದರೆ 1924ರಲ್ಲಿ, ಮುಂದೆ ಚಕ್ರವರ್ತಿ ಹೈಲೆ ಸೆಲಾಸಿ ಆಗಲಿದ್ದ ರಾಜಕುಮಾರ ಜೆರುಸಲೇಮಿನಲ್ಲಿ 40 ಅನಾಥ ಹುಡುಗರ ಬ್ಯಾಂಡ್ ಕೇಳಿ ಮೆಚ್ಚಿ, ಅವರನ್ನೆಲ್ಲ ರಾಜಧಾನಿ ಅಡಿಸ್ ಅಬಾಬಾಗೆ ಕರೆಸಿಕೊಂಡ. ನರಮೇಧದಿಂದ ಉಳಿದ ಅರ್ಮೇನಿಯನ್ ಮಕ್ಕಳು ಅವರು. ಅವರ ಮೇಷ್ಟ್ರು ಕೆವೋರ್ಕ್ ನಲ್ಬಂದಿಯನ್ ಆ ದೇಶದ ಅಂದಿನ ರಾಷ್ಟ್ರಗೀತೆಗೆ ರಾಗ ಹಾಕಿದ. ಟ್ರಂಪೆಟ್ಟು, ಸ್ಯಾಕ್ಸೊಫೋನುಗಳು ಅಲ್ಲಿ ಬೇರು ಬಿಟ್ಟದ್ದರಲ್ಲಿ ಈ ಮನೆಮಠ ಕಳೆದುಕೊಂಡವರ ಪಾಲು ದೊಡ್ಡದು. ಆಮೇಲೆ ಅರಮನೆಯ ಅಂಗರಕ್ಷಕ ಪಡೆಯ ಬ್ಯಾಂಡು, ಪೊಲೀಸ್ ಬ್ಯಾಂಡು, ಅಲ್ಲಿಂದ ರಾತ್ರಿ ಕ್ಲಬ್ಬುಗಳು.

ಆದರೆ ನನಗೆ ಮುಲಾತುವಿಗಿಂತ ಹತ್ತಿರದವನು ಹೈಲು ಮೆರ್ಗಿಯಾ. ನಿನ್ನ ಜಾತಿಯವನು, ಕೀಬೋರ್ಡ್ ಜಾತಿ. 14ನೇ ವಯಸ್ಸಿಗೆ ಸೈನ್ಯದ ಸಂಗೀತ ಪಡೆ ಸೇರಿದವನು, ಮೊದಲು ಹಿಡಿದದ್ದು ಅಕಾರ್ಡಿಯನ್. ಎಪ್ಪತ್ತರ ದಶಕದಲ್ಲಿ ಅವನಿದ್ದ ವಾಲಿಯಾಸ್ ಬ್ಯಾಂಡ್ ಅಡಿಸ್‌ನ ಹಿಲ್ಟನ್ ಹೋಟೆಲಿನ ಖಾಯಂ ತಂಡ. ವಾಲಿಯಾ ಎಂದರೆ ಅಲ್ಲಿನ ಸೀಮೆನ್ ಬೆಟ್ಟಗಳಲ್ಲಿ ಮಾತ್ರ ಉಳಿದಿರುವ ಕಾಡುಮೇಕೆ.

1974ರಲ್ಲಿ ಚಕ್ರವರ್ತಿಯನ್ನು ಇಳಿಸಿ ದೆರ್ಗ್ ಎಂಬ ಸೈನಿಕ ಕೂಟ ಗದ್ದುಗೆ ಹಿಡಿಯಿತು. ರಾತ್ರಿ ಕರ್ಫ್ಯೂ. ಸಂಗೀತಗಾರರಿಗೆ ರಾತ್ರಿಯೇ ಹೊಲ, ಅದಕ್ಕೇ ಬೇಲಿ. ಉಪಾಯ ಏನೆಂದರೆ, ಸಂಜೆ ಬಂದ ಗಿರಾಕಿಗಳನ್ನು ಒಳಗೇ ಉಳಿಸಿಕೊಂಡು ಬೆಳಗಿನ ಜಾವದವರೆಗೆ ನುಡಿಸುವುದು! ಹಾಡಿನ ಸಾಹಿತ್ಯ ಸೆನ್ಸಾರ್ ದಾಟಬೇಕಿತ್ತು. ಮಾತಿಲ್ಲದ ಸಂಗೀತದಲ್ಲಿ ಕತ್ತರಿಸಲು ಏನಿದೆ? ವಾಲಿಯಾಸ್ 1977ರಲ್ಲಿ 'ಚೆ ಬೆಲೇವ್' ಎಂದು ಬರೀ ವಾದ್ಯಗಳ ರೆಕಾರ್ಡು ಮಾಡಿತು. ಅದರಲ್ಲಿರುವ 'ಮುಝಿಕಾವಿ ಸಿಲ್ಟ್' ಹುಡುಕಿ ಕೇಳು. ಕಟ್ಟಿದವನು ಗಿರ್ಮಾ ಬೆಯೆನೆ. ಹಾಡುಗಾರ, ಪಿಯಾನೊ ವಾದಕ, ಅದಕ್ಕಿಂತ ಹೆಚ್ಚಾಗಿ ಬೇರೆಯವರ ಹಾಡಿಗೆ ವಾದ್ಯ ಜೋಡಿಸಿ ಕೊಡುತ್ತಿದ್ದವನು. ಸ್ಯಾಕ್ಸೊಫೋನು ಮೋಗೆಸ್ ಹಬ್ತೆ, ಬೇಸ್ ಗಿಟಾರು ಮೆಲಾಕೆ ಗೆಬ್ರೆ. ಈ ಹೆಸರುಗಳನ್ನು ಬೇಕೆಂದೇ ಒಂದೊಂದಾಗಿ ಬರೆಯುತ್ತಿದ್ದೇನೆ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಸಾಮಾನ್ಯವಾಗಿ ಇರುವುದು ಹಾಡಿದವರ ಮುಖ.

1981ರಲ್ಲಿ ಗಾಯಕ ಮಹಮೂದ್ ಅಹ್ಮದ್ ಜೊತೆ ವಾಲಿಯಾಸ್ ಅಮೆರಿಕ ಪ್ರವಾಸಕ್ಕೆ ಬಂತು. ಎದುರಿಗೆ ಕೂತಿದ್ದವರಲ್ಲಿ ಹೆಚ್ಚಿನವರು ದೇಶ ಬಿಟ್ಟು ಓಡಿ ಬಂದಿದ್ದ ಇಥಿಯೋಪಿಯನ್ನರೇ. ಪ್ರವಾಸ ಮುಗಿದಾಗ ತಂಡ ಎರಡು ಹೋಳಾಯಿತು. ಕೆಲವರು ವಿಮಾನ ಹತ್ತಿ ವಾಪಸ್ ಹೋಗಿ ಅದೇ ಹೆಸರಿನಲ್ಲಿ ನುಡಿಸಿದರು. ಹೈಲು, ಗಿರ್ಮಾ, ಮೋಗೆಸ್, ಮೆಲಾಕೆ ನಾಲ್ವರೂ ಇಲ್ಲೇ ಉಳಿದರು. ಝೂಲಾ ಬ್ಯಾಂಡ್ ಎಂದು ಹೊಸ ತಂಡ ಕಟ್ಟಿ, ವಾಷಿಂಗ್ಟನ್‌ನಲ್ಲಿ ತಮ್ಮವರ ನಡುವೆ ನುಡಿಸಿದರು. ಆ ಹೊತ್ತಿಗೆ ಅಮ್ಹಾ ಎಷೆತೆ ಕೂಡ ಈ ಊರಿಗೆ ಬಂದಿದ್ದ. ಇಥಿಯೋಪಿಯಾ ಸರ್ಕಾರದ ಏಕಸ್ವಾಮ್ಯಕ್ಕೆ ಸೆಡ್ಡು ಹೊಡೆದು 1969ರಲ್ಲಿ ಸ್ವಂತ ರೆಕಾರ್ಡ್ ಕಂಪನಿ ತೆರೆದು, ಆ ಸುವರ್ಣ ಕಾಲದ ನೂರಾರು ಹಾಡುಗಳನ್ನು ಅಚ್ಚು ಹಾಕಿಸಿದ ಪುಣ್ಯಾತ್ಮ ಅವನು. ಇಲ್ಲಿ ಹೋಟೆಲ್ ನಡೆಸಿದ.

ಆ ನಾಲ್ವರಲ್ಲಿ ಗಿರ್ಮಾ ಸಂಗೀತವನ್ನೇ ಬಿಟ್ಟ. ಒಂದೆರಡು ವರ್ಷ ಅಲ್ಲ, ದಶಕಗಳು. ಹೈಲು ಹೌವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದ. 1985ರಲ್ಲಿ ಒಬ್ಬನೇ ಕೂತು ಒಂದು ಕ್ಯಾಸೆಟ್ ಮಾಡಿದ: ಹಳೆಯ ಅಕಾರ್ಡಿಯನ್, ಮೂಗ್ ಸಿಂಥಸೈಜರ್, ರೋಡ್ಸ್ ಪಿಯಾನೊ, ತಾಳಕ್ಕೆ ಡ್ರಮ್ ಮಷೀನು. ಜೊತೆಗೆ ಇನ್ನೊಬ್ಬರಿಲ್ಲ. ಊರ ಹಳೆಯ ರಾಗಗಳ ಮೇಲೆ ಮಷೀನಿನ ಟಿಕ್ ಟಿಕ್. ಅದನ್ನು ಕೇಳುವಾಗಲೆಲ್ಲ ನನಗೆ ನಿನ್ನ ರಿದಂ ಪ್ಯಾಡ್ ನೆನಪಾಗುತ್ತದೆ, ತಬಲಾದವನು ಕೈಕೊಟ್ಟ ದಿನ ನೀನು ಎಡಗೈಯಲ್ಲೇ ಸಂಭಾಳಿಸಿದ್ದು. ಕ್ಯಾಸೆಟ್ ಇಥಿಯೋಪಿಯಾದಲ್ಲಿ ಓಡಿತು. ಇವನು ಇಲ್ಲೇ. ತೊಂಬತ್ತರ ದಶಕದಲ್ಲಿ ವೇದಿಕೆಯೂ ನಿಂತಿತು, ಟ್ಯಾಕ್ಸಿ ಹಿಡಿದ.

ಇಲ್ಲಿನ ಡಲಸ್ ವಿಮಾನ ನಿಲ್ದಾಣ ನಿನಗೆ ಗೊತ್ತು, ನೀನು ಬಂದಾಗ ನಾನು ತಡವಾಗಿ ಬಂದು ಬೈಸಿಕೊಂಡ ಜಾಗ. ಅಲ್ಲಿ ಟ್ಯಾಕ್ಸಿಗಳು ಸರದಿಗಾಗಿ ತುಂಬ ಹೊತ್ತು ಕಾಯಬೇಕು. ಹೈಲು ಡಿಕ್ಕಿಯಲ್ಲಿ ಬ್ಯಾಟರಿ ಕೀಬೋರ್ಡ್ ಇಟ್ಟುಕೊಂಡಿರುತ್ತಿದ್ದ. ಗಿರಾಕಿಯನ್ನು ಇಳಿಸಿ, ಸಾಲಿನಲ್ಲಿ ಗಾಡಿ ನಿಲ್ಲಿಸಿ, ಅದನ್ನು ತೆಗೆದುಕೊಂಡು ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸ. ಸರದಿ ಬಂದರೆ ಮತ್ತೆ ಡಿಕ್ಕಿಗೆ. ವರ್ಷಗಟ್ಟಲೆ ಹೀಗೆ, ಮುಂದೆ ಯಾವ ಕಛೇರಿಯೂ ಇಲ್ಲದೆ.

2013ರಲ್ಲಿ ಬ್ರಯನ್ ಶಿಮ್ಕೊವಿಟ್ಸ್ ಎಂಬ ಅಮೆರಿಕನ್ನನಿಗೆ ಇಥಿಯೋಪಿಯಾದ ಬಹಿರ್ ದಾರ್ ಊರಿನಲ್ಲಿ ಆ 1985ರ ಕ್ಯಾಸೆಟ್ ಸಿಕ್ಕಿತು. ಹುಡುಕಿ ಫೋನ್ ಮಾಡಿದ, ಮರುಮುದ್ರಣ ಮಾಡಿದ. ಹೈಲು ಮತ್ತೆ ವೇದಿಕೆ ಹತ್ತಿದ. ಎಪ್ಪತ್ತು ದಾಟಿದ ಮೇಲೆ, 2018ರಲ್ಲಿ, 'ಲಾಲಾ ಬೆಲು' ಎಂಬ ಹೊಸ ಆಲ್ಬಮ್, 2020ರಲ್ಲಿ ಇನ್ನೊಂದು. ಈಗ ಅವನ ಜೊತೆ ನುಡಿಸುವವರೂ ಇದೇ ಊರಿನವರು, ಬೇಸ್ ಅಲೆಮ್‌ಸೆಗೆದ್ ಕೆಬೆದೆ, ಡ್ರಮ್ಸ್ ಕೆನೆತ್ ಜೋಸೆಫ್.

ಪತ್ರಿಕೆಗಳು ಇದನ್ನು ಬರೆಯುವ ರೀತಿ ನೋಡಿದರೆ ನನಗೆ ಮೈ ಉರಿಯುತ್ತದೆ. 'ಮರೆತುಹೋದ ಕಲಾವಿದ ಟ್ಯಾಕ್ಸಿಯಲ್ಲಿ ಪತ್ತೆ'. ಯಾರು ಮರೆತದ್ದು? ಇಥಿಯೋಪಿಯಾದ ಮನೆಮನೆಯಲ್ಲಿ ಆ ಕ್ಯಾಸೆಟ್ ಕೇಳಿದವರು ಮರೆತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ನುಡಿಸುತ್ತಿದ್ದವನಂತೂ ಕಳೆದೇ ಹೋಗಿರಲಿಲ್ಲ. ಆ ಫೋನ್ ಬಾರದೇ ಇದ್ದಿದ್ದರೂ ಮರುದಿನ ಡಿಕ್ಕಿ ತೆರೆಯುತ್ತಿದ್ದ ಅಂತ ನನ್ನ ನಂಬಿಕೆ.

ಗಿರ್ಮಾ ಬಗ್ಗೆಯೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬಿಟ್ಟವನಿಗೆ ಬೈದಂತಾಗುತ್ತದೆ. ಅವನು ಅಡಿಸ್‌ಗೆ ವಾಪಸಾದ. 2017ರಲ್ಲಿ ಅಕಾಲೆ ವುಬೆ ಎಂಬ ಪ್ಯಾರಿಸ್ಸಿನ ತಂಡದ ಜೊತೆ ಒಂದು ಆಲ್ಬಮ್ ಬಂತು. ದನಿ ಮಾಗಿದೆ, ಅಲ್ಲಲ್ಲಿ ಸವೆದಿದೆ. ನನಗೆ ಹೈಲುವಿನ ಹೊಸ ಆಲ್ಬಮ್ಮುಗಳಿಗಿಂತ ಇದೇ ಹೆಚ್ಚು ಹಿಡಿಸಿತು. ನೀನು ಒಪ್ಪಲಿಕ್ಕಿಲ್ಲ, ನಿನಗೆ ಆರ್ಗನ್ ಇದ್ದರೆ ಸಾಕು.

ಮೋಗೆಸ್ ಹಬ್ತೆ? ಆಗ ತಾಳು ಅಂದೆನಲ್ಲ. 2010ರಲ್ಲಿ ಕೀಬೋರ್ಡ್ ವಾದಕ ಅರಾಯಾ ವೊಲ್ದೆಮಿಕಾಯೆಲ್ ಕಟ್ಟಿದ ಫೀದೆಲ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಹಿಡಿದು ನಿಂತವನು ಅವನೇ. ಆ ತಂಡದಲ್ಲಿ ನನಗಿಷ್ಟವಾದದ್ದು ಹಿತ್ತಾಳೆ ವಾದ್ಯಗಳ ಪಕ್ಕದಲ್ಲೇ ಮಸಿಂಕೊ, ಕ್ರಾರ್ ಎಂಬ ಅವರ ಹಳೆಯ ತಂತಿವಾದ್ಯಗಳು ಕೂತಿರುವುದು. ಮಸಿಂಕೊಗೆ ಕುದುರೆ ಕೂದಲಿನ ಒಂದೇ ತಂತಿ, ಚರ್ಮ ಹೊದಿಸಿದ ಮರದ ಪೆಟ್ಟಿಗೆ, ಕಮಾನಿನಿಂದ ನುಡಿಸುವುದು. ಕೀಬೋರ್ಡಿನ ಎರಡು ಮನೆಗಳ ನಡುವೆ ಏನಿದೆಯೋ ಅದು ಆ ತಂತಿಯ ಮೇಲೆ ಜಾರುತ್ತದೆ. ಗಮಕ ನುಡಿಸಲಾಗದ ವಾದ್ಯ ಅಂತ ಕೀಬೋರ್ಡನ್ನು ಮೇಷ್ಟ್ರು ಮೂದಲಿಸುತ್ತಿದ್ದಾಗ ನಿನ್ನ ಮುಖ ಚಿಕ್ಕದಾಗುತ್ತಿತ್ತಲ್ಲ, ಅದಕ್ಕೆ ಉತ್ತರ ಅಂತಲ್ಲ, ಎರಡನ್ನೂ ಅಕ್ಕಪಕ್ಕ ಕೂರಿಸಬಹುದು ಅಂತ ಇವರನ್ನು ಕೇಳಿದ ಮೇಲೆ ಅನ್ನಿಸಿತು.

ಬಾಸ್ಟನ್‌ನಲ್ಲಿ ವಲಸೆ ಬಂದವರ ಮಕ್ಕಳ ತಲೆಮಾರಿನದೊಂದು ತಂಡ ಹುಟ್ಟಿಕೊಂಡಿತು, ದೆಬೊ ಬ್ಯಾಂಡ್. ಕಟ್ಟಿದ ಡ್ಯಾನಿ ಮೆಕೊನೆನ್ ಹುಟ್ಟಿದ್ದು ಇಥಿಯೋಪಿಯಾದಲ್ಲಲ್ಲ, ಅಪ್ಪ ಅಮ್ಮ ದೇಶ ಬಿಟ್ಟು ಬಂದು ತಂಗಿದ್ದ ಸೂಡಾನ್‌ನಲ್ಲಿ. ದೆಬೊ ಎಂದರೆ ಹೊಲದ ಕೆಲಸಕ್ಕೆ ಊರವರೆಲ್ಲ ಕೈಗೂಡಿಸುವುದು. ನಮ್ಮ ಕಡೆ ಮುಯ್ಯಾಳು ಅನ್ನುತ್ತೇವಲ್ಲ, ಆ ಥರ.

ಬರೆಯುತ್ತಾ ಹೋದರೆ ನಿಲ್ಲುವುದಿಲ್ಲ. ಒಂದು ಕೆಲಸ ಮಾಡು. ಕೀಬೋರ್ಡನ್ನು ಮಾರುವುದಾದರೂ ಮೊದಲು ಅಟ್ಟದಿಂದ ಇಳಿಸಿ ತಿರುಗಿಸಿ ನೋಡು. ಕೆಳಗೆ ಬ್ಯಾಟರಿ ಹಾಕುವ ಮುಚ್ಚಳ ಇತ್ತು ಅಂತ ನನ್ನ ನೆನಪು, ಆರು ದಪ್ಪ ಸೆಲ್ಲು. ಕರೆಂಟ್ ಹೋದಾಗ ಅದರಲ್ಲೇ ಅರ್ಧ ಹಾಡು ಮುಗಿಸಿದ್ದೆವು. ಹಳೆಯ ಸೆಲ್ಲು ಒಳಗೇ ಬಿಟ್ಟಿದ್ದರೆ ಸೋರಿ ಹಸಿರು ಕಟ್ಟಿರುತ್ತದೆ. ಹತ್ತಿಗೆ ಸ್ವಲ್ಪ ನಿಂಬೆರಸ ಅದ್ದಿ ಉಜ್ಜು, ಹೋಗುತ್ತದೆ.

ನಿನ್ನ,
ಹಳೇ ಕೋರಸ್ಸಿನವನು