ಆಡಲಾಗದ ಆಟಗಾರನ ಒಪ್ಪಂದಕ್ಕೆ ಸಹಿ ಹಾಕಿದವರಿಗೆ

ಗಾಯದ ನಂತರ ಮೊದಲ ಬಾರಿಗೆ ಫುಟ್‌ಬಾಲ್ ಪಂದ್ಯವೊಂದರ ಪೂರ್ಣ 90 ನಿಮಿಷ ಆಡುವುದು ಕಳೆದ ವಾರ ನನಗೆ ಸಾಧ್ಯವಾಯಿತು. ಅಂದಿನಿಂದ ಬರುತ್ತಿರುವ ಅಭಿನಂದನೆಗಳಿಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸಲು ಆಗುತ್ತಿಲ್ಲವಾದ್ದರಿಂದ, ಎಲ್ಲರಿಗೂ ಇಲ್ಲಿಯೇ ವಂದನೆ ಸಲ್ಲಿಸುತ್ತೇನೆ. ಆದರೆ ಈ ಶ್ರೇಯಸ್ಸಿನ ದೊಡ್ಡ ಪಾಲು ಸೇರಬೇಕಾದದ್ದು, ನಾನಿನ್ನೂ ಊರುಗೋಲು ಹಿಡಿದು ಓಡಾಡುತ್ತಿದ್ದ ಕಾಲದಲ್ಲಿ ನಮ್ಮ ಕ್ಲಬ್ಬಿನ ಆಡಳಿತ ಮಂಡಳಿ ಕೈಗೊಂಡ ಒಂದು ನಿರ್ಧಾರಕ್ಕೆ. ವಯಸ್ಸು ಮೂವತ್ತು ದಾಟಿದ, ಎಡ ಮೊಣಕಾಲಿನ ಎಸಿಎಲ್ (ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಹರಿದುಹೋಗಿದ್ದ, ಒಪ್ಪಂದ ಮುಗಿಯಲು ಅರ್ಧ ವರ್ಷವಷ್ಟೇ ಉಳಿದಿದ್ದ ಡಿಫೆಂಡರ್ ಒಬ್ಬನನ್ನು ಇನ್ನೊಂದು ಋತುವಿಗೆ ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಆಗ ಅವರ ಮುಂದಿತ್ತು. ಬೇಡವೆಂದಿದ್ದರೆ ಯಾರೂ ಅವರನ್ನು ತಪ್ಪಿತಸ್ಥರೆನ್ನುತ್ತಿರಲಿಲ್ಲ. ಅವರು ಉಳಿಸಿಕೊಂಡರು.

ಆ ನಿರ್ಧಾರದ ತೂಕ ಹೊರಗಿನವರಿಗೆ ತಿಳಿಯಬೇಕಾದರೆ ಗಾಯಾಳು ಆಟಗಾರನ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಒಪ್ಪಂದ ಮುಗಿದ ಆಟಗಾರ ಯಾವ ವರ್ಗಾವಣೆ ಶುಲ್ಕವೂ ಇಲ್ಲದೆ ಬೇರೆ ಕ್ಲಬ್ ಸೇರಬಹುದೆಂಬ ಹಕ್ಕು ಯುರೋಪಿನಲ್ಲಿ 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ ಕೊಟ್ಟ ಬೋಸ್ಮನ್ ತೀರ್ಪಿನಿಂದ ಬಂದದ್ದು. ಕೊನೆಯ ಆರು ತಿಂಗಳಲ್ಲಿ ಮುಂದಿನ ಕ್ಲಬ್ಬಿನೊಡನೆ ಒಪ್ಪಂದ ಮಾಡಿಕೊಳ್ಳಲು ಜಾಗತಿಕ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮಗಳೂ ಅವಕಾಶ ಕೊಡುತ್ತವೆ. ಗಟ್ಟಿಮುಟ್ಟಾಗಿರುವವನಿಗೆ ಆ ಆರು ತಿಂಗಳು ಚೌಕಾಸಿಯ ಕಾಲ. ಗಾಯಾಳುವಿಗೆ ಅದೇ ಸ್ವಾತಂತ್ರ್ಯ ಬೀದಿಪಾಲಾಗುವ ಸ್ವಾತಂತ್ರ್ಯವಾಗಿಬಿಡುತ್ತದೆ. ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಒಪ್ಪಂದ ಊರ್ಜಿತವೆಂಬ ಷರತ್ತನ್ನು ಫಿಫಾ ಒಪ್ಪುವುದಿಲ್ಲವಾದ್ದರಿಂದ, ಪ್ರತಿಯೊಂದು ಕ್ಲಬ್ಬೂ ಸಹಿಗೆ ಮುಂಚೆಯೇ ಮೊಣಕಾಲಿನ ಸ್ಕ್ಯಾನ್ ನೋಡಿಬಿಡುತ್ತದೆ. ಆಗಷ್ಟೇ ಶಸ್ತ್ರಚಿಕಿತ್ಸೆಯಾಗಿರುವ ಕಾಲನ್ನು ಕಂಡು ಸಹಿ ಹಾಕುವ ಅಪರಿಚಿತರು ಬಹಳ ವಿರಳ. ಆದ್ದರಿಂದ ನನ್ನಂಥವನ ಮುಂದಿನ ದಾರಿ ಹಾಲಿ ಕ್ಲಬ್ಬಿನ ಮನಸ್ಸಿನ ಮೇಲೆಯೇ ನಿಂತಿತ್ತು.

ಹಣದ ಮಾತನ್ನೂ ಹೇಳಬೇಕು. ರಾಷ್ಟ್ರೀಯ ತಂಡದ ಕರ್ತವ್ಯದಲ್ಲಿರುವಾಗ ಗಾಯವಾಗಿ ಆಟಗಾರ 28 ದಿನಗಳಿಗಿಂತ ಹೆಚ್ಚು ಕಾಲ ಹೊರಗುಳಿದರೆ, ಅವನ ಸಂಬಳದ ಬಾಬ್ತು ಫಿಫಾ ತನ್ನ ರಕ್ಷಣಾ ಯೋಜನೆಯಿಂದ ಕ್ಲಬ್ಬಿಗೆ ಒಂದು ಪ್ರಕರಣಕ್ಕೆ ಗರಿಷ್ಠ 75 ಲಕ್ಷ ಯೂರೋವರೆಗೆ ತುಂಬಿಕೊಡುತ್ತದೆ. ನನಗೆ ಗಾಯವಾದದ್ದು ಕ್ಲಬ್ಬಿನ ಅಭ್ಯಾಸದಲ್ಲಿ, ಎದುರಾಳಿ ಯಾರೂ ತಾಗದೆ, ದಿಕ್ಕು ಬದಲಿಸಲು ಹೆಜ್ಜೆ ಊರಿದಾಗ. ಆ ಯೋಜನೆ ಅಲ್ಲಿಗೆ ಅನ್ವಯಿಸುವುದಿಲ್ಲ. ನಾನು ಆಡದ ಪ್ರತಿ ವಾರದ ಸಂಬಳವೂ ಕ್ಲಬ್ಬಿನ ಕೈಯಿಂದಲೇ ಹೋಗಬೇಕಿತ್ತು.

ಇನ್ನು ಮೊಣಕಾಲಿನ ವಿಷಯ. ಹರಿದ ಎಸಿಎಲ್ ಜಾಗಕ್ಕೆ ಮಂಡಿಚಿಪ್ಪಿನ ಕೆಳಗಿನಿಂದಲೋ ತೊಡೆಯ ಹಿಂಭಾಗದಿಂದಲೋ ತೆಗೆದ ಸ್ನಾಯುರಜ್ಜುವಿನ ತುಂಡನ್ನು ಕಸಿ ಮಾಡುತ್ತಾರೆ. ಆ ತುಂಡಿಗೆ ಹೊಸದಾಗಿ ರಕ್ತ ಸಂಚಾರ ಕುದುರಬೇಕು, ಅದರ ಎಳೆಗಳು ನಿಧಾನವಾಗಿ ಅಸ್ಥಿರಜ್ಜುವಿನ ಗುಣ ಪಡೆಯಬೇಕು. ಊತ ಇಳಿದು, ನೋವು ಕಡಿಮೆಯಾಗಿ, ಇನ್ನೇನು ಓಡಬಹುದೆಂದು ಆಟಗಾರನಿಗೆ ಅನ್ನಿಸುವ ಆರಂಭದ ತಿಂಗಳುಗಳಲ್ಲೇ ಕಸಿ ಅತ್ಯಂತ ದುರ್ಬಲವಾಗಿರುತ್ತದೆ ಎಂಬುದನ್ನು ನನ್ನ ಶಸ್ತ್ರವೈದ್ಯರು ಮೊದಲ ಭೇಟಿಯಲ್ಲೇ ಚಿತ್ರ ಬರೆದು ತೋರಿಸಿದರು. ಒಂಬತ್ತನೆಯ ತಿಂಗಳವರೆಗೆ ಮೈದಾನಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತ ಹೋಯಿತೆಂದು 2016ರಲ್ಲಿ ಪ್ರಕಟವಾದ ಡೆಲವೇರ್-ಆಸ್ಲೋ ಅಧ್ಯಯನ ಕಂಡುಕೊಂಡಿತ್ತು. ಅವಧಿ ತುಂಬಿದರಷ್ಟೇ ಸಾಲದು. ಗಾಯಗೊಂಡ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಬಲದ ಶೇಕಡಾ 90ರಷ್ಟಾದರೂ ಇರಬೇಕು, ಒಂಟಿಕಾಲಿನ ಜಿಗಿತದ ಪರೀಕ್ಷೆಗಳಲ್ಲೂ ಅದೇ ಮಟ್ಟ ಮುಟ್ಟಬೇಕು.

ಈಗ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿ. ಮೊಣಕಾಲಿಗೆ ಬೇಕಾದದ್ದು ಕನಿಷ್ಠ ಒಂಬತ್ತು ತಿಂಗಳು, ಒಪ್ಪಂದದಲ್ಲಿ ಉಳಿದದ್ದು ಆರು. ವಿಸ್ತರಣೆ ಸಿಗದಿದ್ದರೆ ನಾನು ಏನು ಮಾಡುತ್ತಿದ್ದೆನೆಂಬುದು ನನಗೆ ಚೆನ್ನಾಗಿ ಗೊತ್ತಿದೆ, ಏಕೆಂದರೆ ನನ್ನ ವೃತ್ತಿಯಲ್ಲಿರುವ ಬಹುತೇಕ ಎಲ್ಲರೂ ಮಾಡುವುದು ಅದನ್ನೇ: ಋತುವಿನ ಕೊನೆಯ ಪಂದ್ಯಗಳಲ್ಲಿ ಹೇಗಾದರೂ ಕಾಣಿಸಿಕೊಂಡು, ಕಾಲು ಸರಿಹೋಗಿದೆಯೆಂದು ನೋಡುವವರಿಗೆ ತೋರಿಸಲು ಹೊರಡುತ್ತಿದ್ದೆ. ಆ ಅವಸರದ ಅಗತ್ಯವೇ ಇಲ್ಲದಂತೆ ಮಾಡಿದ್ದು ಆಡಳಿತ ಮಂಡಳಿಯ ಸಹಿ. ಅದನ್ನು ಔದಾರ್ಯವೆಂದು ಹಲವರು ಹೊಗಳಿದ್ದಾರೆ, ಆ ಹೊಗಳಿಕೆ ಸಲ್ಲತಕ್ಕದ್ದೇ. ನನ್ನ ಪಾಲಿಗೆ ಮಾತ್ರ ಅದು ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯವಾದ ಚಿಕಿತ್ಸೆಯಾಗಿತ್ತು.

ಮಂಡಳಿಯ ಸಭೆಯಲ್ಲಿ ಒಮ್ಮತವಿರಲಿಲ್ಲವೆಂದು ಕೋಚ್ ಅವರು ನನಗೆ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಸಂಬಳದ ಮೊತ್ತಕ್ಕೆ ಮಿತಿಯಿದೆ, ನೋಂದಾಯಿಸಬಹುದಾದ ಆಟಗಾರರ ಸಂಖ್ಯೆಗೂ ಮಿತಿಯಿದೆ, ನನ್ನ ಸ್ಥಾನದಲ್ಲಿ ಬೆಳೆಯುತ್ತಿರುವ ಹುಡುಗನೊಬ್ಬನಿದ್ದಾನೆ, ಈ ವಯಸ್ಸಿನಲ್ಲಿ ಎಸಿಎಲ್ ಹರಿದವರೆಲ್ಲರೂ ಮೊದಲಿನ ವೇಗಕ್ಕೆ ಮರಳುವುದಿಲ್ಲ ಎಂದು ಖಜಾಂಚಿಯವರು ಆಕ್ಷೇಪಿಸಿದ್ದರಂತೆ. ಒಂದೊಂದು ಮಾತೂ ನಿಜ. ಕ್ಲಬ್ಬಿನ ಹಣ ಕಾಯುವವರು ಹಾಗೆ ಕೇಳಲೇಬೇಕು, ಕೇಳದಿದ್ದರೆ ಅವರು ಆ ಕುರ್ಚಿಯಲ್ಲಿ ಇರಬಾರದು. ನಿರ್ಧಾರ ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಬಂದ ಮೇಲೆ, ಕರಾರಿನ ಕರಡು ಸಿದ್ಧಪಡಿಸಿದವರೂ ಅವರೇ. ಮೂಲ ಸಂಬಳ ಕಡಿಮೆ, ಆಡಿದ ಪ್ರತಿ ಪಂದ್ಯಕ್ಕೆ ಹೆಚ್ಚುವರಿ ಮೊತ್ತ, ಅವಧಿ ಒಂದೇ ಋತು. ಅಪಾಯವನ್ನು ಇಬ್ಬರೂ ಹಂಚಿಕೊಳ್ಳುವ ಈ ಏರ್ಪಾಡು ನನಗೆ ನ್ಯಾಯವೆನಿಸಿತು, ಈಗಲೂ ಅನಿಸುತ್ತದೆ. ಇಂಥ ಸಂದರ್ಭದಲ್ಲಿ ಹಳೆಯ ಸಂಬಳವನ್ನೇ ಪಟ್ಟುಹಿಡಿದು ಕೇಳುವ ಆಟಗಾರರನ್ನು ನಾನು ಬಲ್ಲೆ. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಕ್ಲಬ್ಬಿನ ಬಾಗಿಲು ಮುಚ್ಚಿಹೋಗುವುದು ಎಷ್ಟೋ ಬಾರಿ ಅಲ್ಲಿಯೇ.

ಆ ಕರಡಿನಲ್ಲಿ ಮೊದಲು ಇನ್ನೊಂದು ಸಾಲಿತ್ತು: ಹೊಸ ಋತುವಿನ ಮೊದಲ ಪಂದ್ಯಕ್ಕೆ ಲಭ್ಯನಾದರೆ ವಿಶೇಷ ಭತ್ಯೆ. ಪ್ರೋತ್ಸಾಹವಾಗಲೆಂಬ ಒಳ್ಳೆಯ ಉದ್ದೇಶದಿಂದಲೇ ಅದನ್ನು ಸೇರಿಸಿದ್ದರು. ಕ್ಲಬ್ಬಿನ ವೈದ್ಯರು ಕರಡನ್ನು ಓದಿ, ಆ ಸಾಲಿನ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿ, ಪಕ್ಕದಲ್ಲಿ ‘ಅವಸರಕ್ಕೆ ಹಣ ಕೊಡುವುದು ಬೇಡ’ ಎಂದು ಬರೆದರು. ಆ ಹಾಳೆಯನ್ನು ನಾನು ಕೇಳಿ ಪಡೆದು ಇಟ್ಟುಕೊಂಡಿದ್ದೇನೆ. ಡಾಕ್ಟರ್, ನೀವು ನನಗಾಗಿ ಮಾಡಿದ ಎಲ್ಲದರಲ್ಲೂ ಆ ಪೆನ್ಸಿಲ್ ಗೀಟು ನನಗೆ ದೊಡ್ಡದು.

ಗಾಯಾಳುವಿನ ಒಪ್ಪಂದ ವಿಸ್ತರಿಸುವುದು ಮೂರ್ಖತನವೆಂದು ವಾದಿಸುವವರ ಮುಂದೆ ಇಡಬಹುದಾದ ಹೆಸರುಗಳು ಕೆಲವಿವೆ. ಜರ್ಮನಿಯ ಆಟಗಾರ ಇಲ್ಕಾಯ್ ಗುಂಡೋಗನ್ 2013ರ ಆಗಸ್ಟ್‌ನಿಂದ ಬೆನ್ನಿನ ತೊಂದರೆಯಿಂದ ಹೊರಗಿದ್ದಾಗಲೇ, 2014ರ ವಸಂತದಲ್ಲಿ, ಅವರ ಕ್ಲಬ್ ಬೊರುಸಿಯಾ ಡಾರ್ಟ್ಮಂಡ್ ಅವರ ಒಪ್ಪಂದವನ್ನು 2016ರವರೆಗೆ ವಿಸ್ತರಿಸಿತು. 2016ರ ಜೂನ್‌ನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ ಅವರನ್ನು ಖರೀದಿಸಿದಾಗ ಅವರ ಮಂಡಿಚಿಪ್ಪು ಜಾರಿ ಇನ್ನೂ ಗುಣವಾಗಿರಲಿಲ್ಲ. ಏಳು ವರ್ಷಗಳ ನಂತರ ಅದೇ ಕ್ಲಬ್ಬಿನ ನಾಯಕನಾಗಿ ಅವರು ಒಂದೇ ಋತುವಿನಲ್ಲಿ ಮೂರು ದೊಡ್ಡ ಪ್ರಶಸ್ತಿಗಳನ್ನು ಎತ್ತಿ ಹಿಡಿದರು. ಇಂಗ್ಲೆಂಡಿನ ಆಟಗಾರ್ತಿ ಬೆತ್ ಮೀಡ್ ಅವರ ಎಸಿಎಲ್ 2022ರ ನವೆಂಬರ್‌ನಲ್ಲಿ ಹರಿಯಿತು, ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಅವರೊಡನೆ ಹೊಸ ಒಪ್ಪಂದ ಮಾಡಿಕೊಂಡಿತು.

ಆದರೆ ಈ ವಾದವನ್ನು ಗೆದ್ದವರ ಉದಾಹರಣೆಗಳಿಂದಷ್ಟೇ ಕಟ್ಟಲು ನನಗೆ ಮನಸ್ಸಿಲ್ಲ. ನಾನು ಹೆಚ್ಚು ನೆನೆದದ್ದು ಸ್ಪೇನಿನ ಆಟಗಾರ ಸಾಂತಿ ಕಾಜೋರ್ಲಾ ಅವರನ್ನು. 2016ರ ಅಕ್ಟೋಬರ್‌ನಲ್ಲಿ ಗಾಯಗೊಂಡ ಅವರ ಒಪ್ಪಂದವನ್ನು ಆರ್ಸೆನಲ್ 2017ರ ಜನವರಿಯಲ್ಲಿ ಒಂದು ವರ್ಷ ಮುಂದುವರಿಸಿತು. ಮುಂದೆ ಸೋಂಕು ಅವರ ಹಿಮ್ಮಡಿಯ ಸ್ನಾಯುರಜ್ಜುವಿನ ಹಲವು ಸೆಂಟಿಮೀಟರ್‌ಗಳನ್ನು ತಿಂದುಹಾಕಿತು; ಮಗಳ ಹೆಸರಿನ ಹಚ್ಚೆಯಿದ್ದ ತೋಳಿನ ಚರ್ಮವನ್ನು ತೆಗೆದು ಪಾದದ ಗಂಟಿಗೆ ಕಸಿ ಮಾಡಬೇಕಾಯಿತು; ತೋಟದಲ್ಲಿ ಮಗನೊಡನೆ ನಡೆದಾಡುವಂತಾದರೆ ಅದಕ್ಕೇ ತೃಪ್ತಿಪಡಬೇಕೆಂದು ವೈದ್ಯರು ಅವರಿಗೆ ಹೇಳಿದ್ದರು. ಆರ್ಸೆನಲ್ ಪರವಾಗಿ ಅವರು ಮತ್ತೆ ಒಂದು ಪಂದ್ಯವನ್ನೂ ಆಡಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಆ ವರ್ಷ ಬರೀ ನಷ್ಟ. 2018ರಲ್ಲಿ ಅಲ್ಲಿಂದ ಹೊರಬಂದ ಅವರನ್ನು ಸ್ಪೇನಿನ ವಿಯ್ಯಾರಿಯಲ್ ಕ್ಲಬ್ ಮೊದಲು ಅಭ್ಯಾಸಕ್ಕೆ ಕರೆದು, ಆಮೇಲೆ ತಂಡಕ್ಕೆ ಸೇರಿಸಿಕೊಂಡಿತು. 2019ರಲ್ಲಿ ಅವರು ಸ್ಪೇನ್ ತಂಡಕ್ಕೆ ಮರಳಿದರು. ಆರ್ಸೆನಲ್ ಕೊಟ್ಟ ಆ ವರ್ಷ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಅದರ ಫಲ ಕೊಟ್ಟವರ ಕೈಗೆ ಸೇರಲಿಲ್ಲ, ಅಷ್ಟೆ. ನನ್ನ ವಿಷಯದಲ್ಲೂ ಹಾಗಾಗುವ ಸಾಧ್ಯತೆ ಸಾಕಷ್ಟಿತ್ತು. ಅದನ್ನು ತಿಳಿದೂ ಮಂಡಳಿ ಸಹಿ ಹಾಕಿತು. ಆದ್ದರಿಂದ ನಾನು ಕಳೆದ ವಾರ ಆಡಿರದಿದ್ದರೂ ಈ ಕೃತಜ್ಞತೆ ಇಷ್ಟೇ ಇರುತ್ತಿತ್ತು.

ನಮ್ಮ ಫಿಸಿಯೋ ಅವರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ದಿನಗಳಲ್ಲಿ ಅವರು ನನ್ನ ಮೊಣಕಾಲಿನ ಕೆಳಗೆ ಟವೆಲ್ ಸುತ್ತಿಟ್ಟು, ಅದನ್ನು ಕೆಳಕ್ಕೆ ಒತ್ತುವಂತೆ ಹೇಳಿದರು. ಇಡೀ ಬಲ ಹಾಕಿದರೂ ತೊಡೆ ಅಲುಗಲಿಲ್ಲ; ಬಾಲ್ಯದಿಂದ ಹೇಳಿದಂತೆ ಕೇಳಿದ ಮಾಂಸಖಂಡಕ್ಕೆ ನನ್ನ ಆಜ್ಞೆ ತಲುಪುತ್ತಲೇ ಇರಲಿಲ್ಲ. ಮೊಣಕಾಲು ಊದಿಕೊಂಡಾಗ ನರವ್ಯೂಹವೇ ಆ ಸ್ನಾಯುವನ್ನು ತಡೆಹಿಡಿಯುತ್ತದೆ, ಇದು ನಿಮ್ಮ ಸೋಮಾರಿತನವಲ್ಲ ಎಂದು ಅವರು ವಿವರಿಸಿದರು. ಆಮೇಲೆ ಎರಡು ಬೆರಳುಗಳನ್ನು ಮಂಡಿಚಿಪ್ಪಿನ ಮೇಲ್ಗಡೆ, ತೊಡೆಯ ಒಳಭಾಗದಲ್ಲಿ ಇಟ್ಟು ಸುಮ್ಮನೆ ಕಾದರು. ಆ ಬೆರಳುಗಳ ಕೆಳಗೆ ಕೊನೆಗೊಮ್ಮೆ ಸಣ್ಣ ಕಂಪನ ಮೂಡಿದಾಗ, ನನಗಿಂತ ಮೊದಲು ತಿಳಿದದ್ದು ಅವರಿಗೆ. ‘ಬಂತು, ಇನ್ನೊಮ್ಮೆ’ ಎಂದರು. ಓಟ, ಜಿಗಿತ, ತಿರುವು, ಡಿಕ್ಕಿ ಎಲ್ಲವೂ ಆ ‘ಇನ್ನೊಮ್ಮೆ’ಯ ಮೇಲೆಯೇ ಬೆಳೆದವು. ಒಂಬತ್ತನೆಯ ತಿಂಗಳು ಮುಗಿದರೂ ಬಲದ ಅಳತೆ 90ನ್ನು ಮುಟ್ಟದಿದ್ದಾಗ, ಕೋಚ್ ಅವರಿಗೆ ‘ಇನ್ನೂ ಇಲ್ಲ’ ಎಂದು ನೇರವಾಗಿ ಹೇಳುವ ಧೈರ್ಯ ತೋರಿದವರೂ ಅವರೇ. ಕೈಯಲ್ಲಿ ಒಪ್ಪಂದವಿದ್ದುದರಿಂದ ಆ ಮಾತನ್ನು ನಾನು ಸಮಾಧಾನದಿಂದ ಕೇಳಿಸಿಕೊಂಡೆ.

ನನ್ನ ಸ್ಥಾನದಲ್ಲಿ ಆಡಿದ ಕಿರಿಯ ಗೆಳೆಯನಿಗೆ ಬೇರೆಯೇ ಬಗೆಯ ಕೃತಜ್ಞತೆ. ನನ್ನನ್ನು ಉಳಿಸಿಕೊಂಡದ್ದರಿಂದ ಯಾರಿಗಾದರೂ ನಷ್ಟವಾಗಬಹುದಾಗಿದ್ದರೆ ಅದು ಅವನಿಗೆ. ಅವನು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಪಂದ್ಯದ ವಿಡಿಯೋ ತಂದು, ಆಫ್‌ಸೈಡ್ ಗೆರೆ (ಡಿಫೆಂಡರ್‌ಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವ ಗೆರೆ) ಹಿಡಿಯುವುದರಲ್ಲಿ ಎಲ್ಲಿ ತಡವಾಯಿತು ನೋಡಿ ಎಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದ. ಈಗ ನಾವಿಬ್ಬರೂ ಒಟ್ಟಿಗೆ ಆಡುತ್ತಿದ್ದೇವೆ, ಗೆರೆಯನ್ನು ನಿರ್ದೇಶಿಸುವವನು ಅವನೇ.

ವಿಸ್ತರಣೆ ಬೇಡವೆಂದು ಬಹಿರಂಗವಾಗಿ ವಾದಿಸಿದ ಅಭಿಮಾನಿಗಳೂ ಇದ್ದರು. ಅವರಲ್ಲಿ ಹೆಚ್ಚಿನವರು ನನ್ನನ್ನು ನಿಂದಿಸಲಿಲ್ಲ, ಕ್ಲಬ್ಬಿನ ಭವಿಷ್ಯದ ಬಗ್ಗೆ ಚಿಂತಿಸಿದರು. ನಾನು ಬದಲಿ ಆಟಗಾರನಾಗಿ ಮೊದಲು ಮೈದಾನಕ್ಕಿಳಿದ ದಿನ ಎದ್ದುನಿಂತು ಚಪ್ಪಾಳೆ ತಟ್ಟಿದವರಲ್ಲಿ ಅವರೂ ಸೇರಿದ್ದರು. ಅವರಿಗೂ ನನ್ನ ನಮಸ್ಕಾರ. ಮನೆಯವರಿಗೆ ಹೇಳಬೇಕಾದದ್ದನ್ನು ಮನೆಯಲ್ಲಿಯೇ ಹೇಳಿದ್ದೇನೆ.

ನನ್ನ ಒಪ್ಪಂದ ಈ ಋತುವಿನ ಕೊನೆಗೆ ಮುಗಿಯುತ್ತದೆ. ಮುಂದಿನದನ್ನು ಆಟ ನೋಡಿ ನಿರ್ಧರಿಸಲಿ, ಈ ಬರಹ ಅದಕ್ಕಾಗಿ ಹಾಕಿದ ಅರ್ಜಿಯಲ್ಲ. ಆದರೆ ನಮ್ಮ ಯುವ ತಂಡದ ಗೋಲ್‌ಕೀಪರ್ ಒಬ್ಬ ಭುಜದ ಶಸ್ತ್ರಚಿಕಿತ್ಸೆಯಾಗಿ ಕೂತಿದ್ದಾನೆ, ಅವನ ಒಪ್ಪಂದದ ಅವಧಿಯೂ ಅದೇ ಹೊತ್ತಿಗೆ ತೀರುತ್ತದೆ. ಹಿರಿಯ ತಂಡದಲ್ಲಿ ಇನ್ನೂ ಆಡದ, ಹೆಸರು ಗಳಿಸದ ಹುಡುಗನ ಪರವಾಗಿ ವಾದಿಸುವುದು ನನ್ನ ಪರವಾಗಿ ವಾದಿಸಿದ್ದಕ್ಕಿಂತ ಕಷ್ಟ. ಅವನ ವಿಷಯ ಚರ್ಚೆಗೆ ಬರುವ ಸಭೆಯಲ್ಲಿ ಮಾತನಾಡಲು ನನಗೂ ಅವಕಾಶ ಕೊಡಬೇಕೆಂದು ಮಂಡಳಿಯನ್ನು ಕೇಳಿಕೊಂಡಿದ್ದೆ. ಅವರು ಒಪ್ಪಿದ್ದಾರೆ, ಅದಕ್ಕೂ ಧನ್ಯವಾದ.