ವೆರ್ನಾನಿಗೆ ಹೊರಟವಳಿಗೆ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಪ್ಯಾರಿಸ್‌ಗೆ ಹೋಗುವುದು ಖಚಿತವಾಯಿತೆಂದು ನಿನ್ನ ಅಪ್ಪ ಹೇಳಿದ. ನಾರ್ಮಂಡಿಯಲ್ಲಿರುವ ನನ್ನ ಹಳೆಯ ಸ್ನೇಹಿತರ ಮನೆಯಲ್ಲಿ ಒಂದು ರಾತ್ರಿ ತಂಗಿ, ಜಿವೆರ್ನಿಯಲ್ಲಿ ಚಿತ್ರಕಾರ ಕ್ಲೋದ್ ಮೊನೆಯ ತೋಟ ನೋಡಿ ಬರಬಹುದೇ ಎಂದು ಕೇಳಿದೆಯಂತೆ. ಒಂದೇ ರಾತ್ರಿಗಾದರೆ ಬೇಡ, ಹೋಟೆಲಿನಲ್ಲಿ ಇಳಿದುಕೋ. ನಾಲ್ಕು ದಿನ ಬಿಡುವು ಮಾಡಿಕೊಳ್ಳುವುದಾದರೆ ಈಗಲೇ ಅವರಿಗೆ ಬರೆಯುತ್ತೇನೆ.

ಅವರು ಯಾರೆಂದು ನಿನಗೆ ತಿಳಿದಿರಲಿ. 1974ರ ಒಪ್ಪಂದದಂತೆ ಇಸ್ರೋ ಎಂಜಿನಿಯರುಗಳು ಜಿವೆರ್ನಿಯ ಪಕ್ಕದ ಊರಾದ ವೆರ್ನಾನಿಗೆ ಹೋಗಿ ಫ್ರೆಂಚರ ಜೊತೆ ವೈಕಿಂಗ್ ಎಂಬ ರಾಕೆಟ್ ಎಂಜಿನ್ ಮೇಲೆ ದುಡಿದರು. ಅದರಿಂದಲೇ ನಮ್ಮ ವಿಕಾಸ್ ಎಂಜಿನ್ ಹುಟ್ಟಿತು. ಇಂದಿಗೂ ಪಿಎಸ್‌ಎಲ್‌ವಿ ರಾಕೆಟ್ಟಿನ ಎರಡನೇ ಹಂತವನ್ನು ಎತ್ತುವುದು ಅದೇ. ಭಾಷೆ ಬಾರದ, ಮಾಂಸ ಮುಟ್ಟದ ನಮ್ಮಂಥವರನ್ನು ಭಾನುವಾರ ಮನೆಗೆ ಕರೆದು ಊಟ ಹಾಕಿದ ದಂಪತಿ ಇವರು. ಈಗ ಇಬ್ಬರಿಗೂ ಎಂಬತ್ತು ದಾಟಿದೆ.

ಮೊದಲು ವೀಸಾ ವಿಷಯ. ಖಾಸಗಿ ಮನೆಯಲ್ಲಿ ಉಳಿಯುವವರಿಗೆ ಆತಿಥೇಯರು ತಮ್ಮೂರಿನ ಪುರಸಭೆಗೆ ಹೋಗಿ, ಮುದ್ರಾಂಕ ಶುಲ್ಕ ಕೊಟ್ಟು, ಒಂದು ಪ್ರಮಾಣಪತ್ರ ಪಡೆಯಬೇಕು. ಆ ವಯಸ್ಸಿನವರನ್ನು ಕೊನೆಯ ವಾರದಲ್ಲಿ ಓಡಾಡಿಸಬೇಡ. ತಾರೀಖನ್ನು ಒಮ್ಮೆ ನಿರ್ಧರಿಸಿ ಹೇಳು, ಆಮೇಲೆ ಬದಲಿಸಬೇಡ. ಹಣ ಕೊಡಲು ಹೋದರೆ ಬೇಡವೆನ್ನುತ್ತಾರೆ, ಒತ್ತಾಯಿಸಬೇಡ.

ಊಟದ ಬಗ್ಗೆಯೂ ಮೊದಲೇ ಬರೆದು ತಿಳಿಸು. ಬರಿಯ ‘ಸಸ್ಯಾಹಾರಿ’ ಎಂದರೆ ಸಾಲದು. ತರಕಾರಿ ಸೂಪಿನಲ್ಲೂ ಹಂದಿಯ ತುಣುಕು ಬೀಳಬಹುದು, ಮೀನು ಮಾಂಸವಲ್ಲವೆಂದುಕೊಳ್ಳುವವರೂ ಅಲ್ಲಿದ್ದಾರೆ. ಆದರೆ ಬೆಣ್ಣೆ, ಕೆನೆ, ಸೇಬು ತುಂಬಿದ ನಾಡಿನಲ್ಲಿ ನೀನು ಉಪವಾಸ ಬೀಳುವುದಿಲ್ಲ, ಹೆದರಬೇಡ. ಸೇಬಿನಿಂದ ಭಟ್ಟಿ ಇಳಿಸಿದ ಕಾಲ್ವಡೋಸ್ ಕುಡಿಯದಿದ್ದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕಾಫಿ ಬರುವ ಮುನ್ನ ಮೊಬೈಲ್ ಹಿಡಿದು ಎದ್ದರೆ ಮಾತ್ರ ಬೇಸರವಾಗುತ್ತದೆ. ಭಾನುವಾರದ ಊಟ ಮೂರು ಗಂಟೆ ಎಳೆಯುತ್ತದೆ. ನೀನು ಹೋಗುವುದೇ ಅದಕ್ಕಾಗಿ ಎಂದುಕೋ. ಅವರ ಮಾತು ನಿಧಾನ, ನಿನ್ನ ಫ್ರೆಂಚ್ ಇನ್ನೂ ನಿಧಾನ, ಹಾಗಾಗಿ ಹೊಂದಾಣಿಕೆ ಕಷ್ಟವಾಗಲಾರದು. ಯುದ್ಧದ ಮಾತು ಬಂದರೆ ಕೇಳಿಸಿಕೋ. 1944ರ ಆಗಸ್ಟಿನಲ್ಲಿ ಬ್ರಿಟಿಷ್ ಪಡೆ ಸೇನ್ ನದಿ ದಾಟಿದ್ದು ವೆರ್ನಾನಿನಲ್ಲೇ.

ಬೇಕರಿಗೆ ಹೋದರೂ ಒಳಗೆ ಕಾಲಿಟ್ಟೊಡನೆ ‘ಬೊಂಜೂರ್’ ಹೇಳಿ, ಆಮೇಲೆ ಬೇಕಾದ್ದನ್ನು ಕೇಳು. ಹೂ ಒಯ್ಯುವುದಾದರೆ ಸೇವಂತಿಗೆ ಬೇಡ. ನಮ್ಮಲ್ಲಿ ದೇವರಿಗೇರುವ ಆ ಹೂವನ್ನು ಅಲ್ಲಿ ಸಮಾಧಿಯ ಮೇಲೆ ಇಡುತ್ತಾರೆ. ಧಾರವಾಡ ಪೇಡವೂ ಬೇಡ, ನಮ್ಮಿಂದ ಅಲ್ಲಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಚಿಕ್ಕಮಗಳೂರಿನ ಕಾಫಿ ಪುಡಿ ಸಾಕು, ಚಿಕೋರಿ ಬೆರೆತದ್ದಾದರೂ ಸರಿ. ಫ್ರೆಂಚರಿಗೆ ಅದು ಹೊಸದಲ್ಲ.

ಮೊನೆಯ ತೋಟ ಏಪ್ರಿಲ್‌ನಿಂದ ನವೆಂಬರ್ ಒಂದರವರೆಗೆ ತೆರೆದಿರುತ್ತದೆ. ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡು. ಪ್ಯಾರಿಸ್ಸಿನ ಸ್ಯಾಂ ಲಜಾರ್ ನಿಲ್ದಾಣದಿಂದ ವೆರ್ನಾನಿಗೆ ರೈಲಿನಲ್ಲಿ ಗಂಟೆಯೊಳಗಿನ ದಾರಿ. ಅವರು ಕಾರು ತಂದು ಕಾಯುತ್ತೇವೆ ಎನ್ನುತ್ತಾರೆ. ಕತ್ತಲಾದ ಮೇಲೆ ತಲುಪುವ ರೈಲು ಹಿಡಿಯಬೇಡ. ತಾರೀಖು ಈ ವಾರದೊಳಗೆ ತಿಳಿಸು.

ನಿನ್ನ ದೊಡ್ಡಪ್ಪ