ಬಿ.ಇಡಿ ಮಕ್ಕಳಿಗೆ ಒಬ್ಬ ಮಾರ್ಗದರ್ಶಕರನ್ನು ಕೊಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ ಸರ್.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಈಗ ನಿವೃತ್ತಿಯಾಗಿದೆ. ನೌಕರಿಯಲ್ಲಿದ್ದಾಗ ಹೀಗೆಲ್ಲ ಬರೆದರೆ ನೋಟಿಸು ಬರುತ್ತಿತ್ತು, ಈಗ ಆ ಭಯ ಇಲ್ಲ. ಪಿಂಚಣಿ ವಿಷಯಕ್ಕೆ ಬರೆಯುತ್ತಿಲ್ಲ, ಗಾಬರಿಯಾಗಬೇಡಿ. ನಮ್ಮ ಶಾಲೆಗಳಿಗೆ ಇಂಟರ್ನ್‌ಶಿಪ್‌ಗೆಂದು ಬರುವ ಬಿ.ಇಡಿ ಪ್ರಶಿಕ್ಷಣಾರ್ಥಿಗಳ ಬಗ್ಗೆ ಬರೆಯುತ್ತಿದ್ದೇನೆ.

2014ರಲ್ಲಿ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇ ನಿಯಮ ಬದಲಾಯಿತು. ಒಂದು ವರ್ಷದ ಬಿ.ಇಡಿ ಎರಡು ವರ್ಷವಾಯಿತು. ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು: ಮೊದಲ ವರ್ಷ 4, ಎರಡನೇ ವರ್ಷ 16. ನನಗಂತೂ ಖುಷಿಯಾಗಿತ್ತು. ಮೊದಲೆಲ್ಲ ಟೀಚಿಂಗ್ ಪ್ರಾಕ್ಟೀಸ್ ಅಂದರೆ ಲೆಕ್ಕಕ್ಕೆ ಇಷ್ಟು ಪಾಠ ಮಾಡಿ ಹೊರಟುಬಿಡುತ್ತಿದ್ದರು. 16 ವಾರ ಇದ್ದರೆ ಮಕ್ಕಳ ಹೆಸರು ಗೊತ್ತಾಗುತ್ತದೆ. ಯಾವ ಹುಡುಗ ತೋಟದ ಕೆಲಸ ಮುಗಿಸಿ ತಡವಾಗಿ ಬರುತ್ತಾನೆ ಅನ್ನುವುದೂ ಗೊತ್ತಾಗುತ್ತದೆ.

ಆದರೆ ನಡೆಯುವುದೇನು? ಗಣಿತದ ಹುದ್ದೆ ಖಾಲಿ ಇರುವ ಶಾಲೆಗೆ ಗಣಿತದ ಪ್ರಶಿಕ್ಷಣಾರ್ಥಿ ಸಿಕ್ಕರೆ ಮುಗಿಯಿತು. ಮೊದಲ ವಾರದಿಂದಲೇ ಇಡೀ ವಿಷಯ ಅವರ ತಲೆಗೆ. ಬಿಡುವಿದ್ದಾಗ ಕಂಪ್ಯೂಟರಿನಲ್ಲಿ ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ಎಂಟ್ರಿ, ಬಿಸಿಯೂಟದ ಲೆಕ್ಕ. ಮುಖ್ಯ ಶಿಕ್ಷಕರನ್ನು ನಾನು ಬೈಯುವುದಿಲ್ಲ. ಜನವೇ ಇಲ್ಲದಿದ್ದರೆ ಅವರಾದರೂ ಏನು ಮಾಡಬೇಕು? ಇತ್ತ ಕಾಲೇಜಿನಿಂದ ಉಪನ್ಯಾಸಕರು ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ. ಪಾಠ ಯೋಜನೆಯ ಪುಸ್ತಕದಲ್ಲಿ 'ಧ್ವನಿ ಸಾಲದು, ಕಪ್ಪುಹಲಗೆ ಬಳಕೆ ಸುಧಾರಿಸಬೇಕು' ಅಂತ ಬರೆದು ಸಹಿ ಹಾಕಿ ಇನ್ನೊಂದು ಶಾಲೆಗೆ ಓಡುತ್ತಾರೆ. ಧ್ವನಿ ಯಾಕೆ ಸಾಲಲಿಲ್ಲ, ಗಂಟಲಿನ ತೊಂದರೆಯೋ ಹೆದರಿಕೆಯೋ ಅಂತ ಕೇಳುವವರು ಯಾರು?

ಬಿ.ಇಡಿ ಮಾಡಿದವರಿಗೆಲ್ಲ ಮೈಕ್ರೋ ಟೀಚಿಂಗ್ ಗೊತ್ತು: ಚಿಕ್ಕದೊಂದು ಪಾಠ ಮಾಡಿ, ತಪ್ಪು ತಿದ್ದಿಕೊಂಡು, ಮತ್ತೆ ಮಾಡುವ ಅಭ್ಯಾಸ. ನಮ್ಮ ದೇಶದಲ್ಲಿ ರೂಢಿಗೆ ಬಂದ ಮಾದರಿಯಲ್ಲಿ ಒಂದು ಸುತ್ತಿಗೆ 36 ನಿಮಿಷ. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ. ಆಮೇಲೆ 6 ನಿಮಿಷ ಅದೇ ಪಾಠ ಮತ್ತೊಮ್ಮೆ, ಕೊನೆಗೆ 6 ನಿಮಿಷ ಮತ್ತೆ ಹಿಮ್ಮಾಹಿತಿ. ಪರೀಕ್ಷೆಗೆ ಈ ಚಕ್ರದ ಚಿತ್ರ ಬಿಡಿಸಿ ಅಂಕ ತೆಗೆದುಕೊಳ್ಳುತ್ತೇವೆ. ನಿಜವಾದ ಶಾಲೆಗೆ ಬಂದ ಮೇಲೆ ಆ 'ಮತ್ತೊಮ್ಮೆ' ಮಾಯವಾಗುತ್ತದೆ. ಪಾಠ ಕೆಟ್ಟರೆ ಕೆಟ್ಟಿತು, ನಾಳೆ ಮುಂದಿನ ಪಾಠ. ಹುಡುಗ ಹುಡುಗಿಯರ ಮನಸ್ಸಿನಲ್ಲಿ ಆ ಕೆಟ್ಟ ಪಾಠವೇ ಉಳಿಯುತ್ತದೆ.

ಹಾವೇರಿ ಕಡೆಯ ಒಬ್ಬ ಹುಡುಗಿ ನಮ್ಮ ಶಾಲೆಗೆ ಬಂದಿದ್ದಳು. ಎಂಟನೇ ತರಗತಿ, ನಿತ್ಯಸಮೀಕರಣ. ಎ ಸೆಕ್ಷನ್‌ನಲ್ಲಿ (ಎ+ಬಿ)² = ಎ² + 2ಎಬಿ + ಬಿ² ಅಂತ ಸೂತ್ರ ಬರೆದಳು. 'ಅರ್ಥ ಆಯ್ತಾ?' ಅಂದಳು. ಎಲ್ಲರೂ ರಾಗವಾಗಿ 'ಆಯ್ತು ಮಿಸ್' ಅಂದರು. ಒಬ್ಬ ಮಾತ್ರ ಎದ್ದು ನಿಂತು '2ಎಬಿ ಎಲ್ಲಿಂದ ಬಂತು ಮಿಸ್?' ಅಂತ ಕೇಳಿದ. ಅದು ಸೂತ್ರ, ಬಾಯಿಪಾಠ ಮಾಡು ಅಂದುಬಿಟ್ಟಳು. ಸ್ಟಾಫ್ ರೂಮಿಗೆ ಬಂದವಳು 'ನನ್ನ ಕೈಲಿ ಆಗಲ್ಲ ಮೇಡಂ, ಬ್ಯಾಂಕ್ ಪರೀಕ್ಷೆ ಕಟ್ತೀನಿ' ಅಂತ ಅಳುವುದಕ್ಕೆ ಶುರು ಮಾಡಿದಳು.

ಸಮಾಧಾನದ ಮಾತು ಹೇಳಿದರೆ ಅಂಥ ಹೊತ್ತಲ್ಲಿ ಕಿವಿಗೆ ಹೋಗುವುದಿಲ್ಲ. ಆ ಹುಡುಗ ಪ್ರಶ್ನೆ ಕೇಳಿದ ಅಂದರೆ ಪಾಠ ಅವನನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಿದೆ ಅಲ್ವಾ, ಉಳಿದದ್ದನ್ನು ಈಗ ನೋಡೋಣ ಅಂದೆ. ಇಬ್ಬರೂ ಕೂತು ಒಂದು ಚೌಕ ಬರೆದೆವು. ಪ್ರತಿ ಬದಿಯನ್ನೂ ಎ ಮತ್ತು ಬಿ ಅಂತ ಭಾಗ ಮಾಡಿದೆವು. ಒಳಗೆ ನಾಲ್ಕು ತುಂಡು: ಒಂದು ದೊಡ್ಡ ಚೌಕ, ಒಂದು ಚಿಕ್ಕ ಚೌಕ, ಒಂದೇ ಅಳತೆಯ ಎರಡು ಆಯತ. ಆ ಎರಡು ಆಯತವೇ 2ಎಬಿ. ಮಧ್ಯಾಹ್ನ ಬಿ ಸೆಕ್ಷನ್‌ಗೆ ಅವಳು ಹಳೆ ಚಾರ್ಟ್ ಶೀಟ್ ಕತ್ತರಿಸಿಕೊಂಡು ಹೋದಳು. ಮಕ್ಕಳ ಕೈಯಲ್ಲೇ ಜೋಡಿಸಿದಳು. ನಾನು ಹಿಂದೆ ಕೂತಿದ್ದೆ. ಧ್ವನಿ ಕೊನೆ ಬೆಂಚಿಗೂ ಚೆನ್ನಾಗಿ ಕೇಳಿಸುತ್ತಿತ್ತು! ಹೊರಗೆ ಬಂದವಳೇ 'ಎ ಸೆಕ್ಷನ್‌ಗೂ ಇನ್ನೊಂದು ಸಲ ಮಾಡ್ತೀನಿ ಮೇಡಂ' ಅಂದಳು. ನಾನು ಹೇಳಿರಲಿಲ್ಲ.

ಇದೆಲ್ಲ ಆಗಿದ್ದು ಆ ದಿನ ನನಗೆ ಎರಡು ಪೀರಿಯಡ್ ಬಿಡುವಿತ್ತು ಅನ್ನುವ ಕಾರಣಕ್ಕೆ. ಮಾರನೇ ದಿನ ಬಿಡುವಿರಲಿಲ್ಲ. ಅವಳ ಪಾಠ ಹೇಗಾಯಿತು ಅಂತ ಕೇಳುವುದಕ್ಕೂ ಆಗಲಿಲ್ಲ.

ಸರ್, ನಾನು ಕೇಳುವುದು ಆ ಬಿಡುವನ್ನೇ. ಪ್ರಶಿಕ್ಷಣಾರ್ಥಿ ಇರುವ ಶಾಲೆಯಲ್ಲಿ ಅದೇ ವಿಷಯದ ಒಬ್ಬ ಶಿಕ್ಷಕರನ್ನು ಹೆಸರು ಹೇಳಿ ಮಾರ್ಗದರ್ಶಕರನ್ನಾಗಿ ಮಾಡಿ. ವೇಳಾಪಟ್ಟಿಯಲ್ಲೇ ಅವರಿಗೆ ವಾರಕ್ಕೆ ಒಂದೆರಡು ಪೀರಿಯಡ್ ತೆಗೆದಿಡಿ. ಸ್ಕಾಟ್ಲೆಂಡಿನಲ್ಲಿ 2002ರಿಂದಲೂ ಹೊಸ ಶಿಕ್ಷಕರಿಗೆ ಮೊದಲ ವರ್ಷ ಪಾಠದ ಹೊರೆ ಕಡಿಮೆ, ಜೊತೆಗೊಬ್ಬ ಮಾರ್ಗದರ್ಶಕರು. ಅಷ್ಟು ದೂರ ಯಾಕೆ? ಚಿಕ್ಕ ಮಕ್ಕಳಿಗೆ ಕಾರ್ಡುಗಳಿಂದ ಕಲಿಸುವ ನಮ್ಮ ನಲಿಕಲಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದರು. ಒಟ್ಟಿಗೆ ಕೂತು ತಾವೇ ಕಾರ್ಡು ತಯಾರಿಸಿದರು, ತಪ್ಪಿದ್ದನ್ನು ತಿದ್ದಿದರು. ಮುಂದೆ ಅದೇ ರಾಜ್ಯಕ್ಕೆಲ್ಲ ಹರಡಿತು. ಕೂತು ಮಾತಾಡುವುದಕ್ಕೆ ಸಮಯ ಕೊಟ್ಟರೆ ನಮ್ಮವರೂ ಮಾಡಿ ತೋರಿಸುತ್ತಾರೆ.

ಬಿ.ಇಡಿ ಕಾಲೇಜು ವಿಶ್ವವಿದ್ಯಾಲಯದ್ದು, ತಮ್ಮ ಇಲಾಖೆಯದ್ದಲ್ಲ ಅಂತ ಅಧಿಕಾರಿಗಳು ಹೇಳಬಹುದು. ಸರಿ, ಆದರೆ ಶಾಲೆ ತಮ್ಮದೇ, ಮಾರ್ಗದರ್ಶಕರೂ ತಮ್ಮವರೇ. ಅವರಿಗೆ ತರಬೇತಿ ಕೊಡಲು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್‌ಗಳಿವೆ. ಬರೀ ಪವರ್ ಪಾಯಿಂಟ್ ತೋರಿಸುವ ತರಬೇತಿ ಬೇಡ, ಸುಮ್ನೆ ದಿನ ಹಾಳು. ಒಂದು ಪಾಠ ನೋಡಿ ಬಂದ ಮೇಲೆ ಮೊದಲು ಏನು ಕೇಳಬೇಕು, ಯಾವುದನ್ನು ನಾಳೆಗೆ ಬಿಡಬೇಕು, ಅಷ್ಟನ್ನು ಕಲಿಸಲಿ.

ಖರ್ಚಿನ ವಿಷಯವೂ ಇದೆ. ಎಂಬಿಬಿಎಸ್ ಇಂಟರ್ನ್‌ಗಳಿಗೆ ಸ್ಟೈಪೆಂಡ್ ಇದೆ. ನಮ್ಮ ಮಕ್ಕಳು ಚಾರ್ಟು, ಬಣ್ಣ, ರೆಕಾರ್ಡು, ಬಸ್ಸು ಎಲ್ಲದಕ್ಕೂ ಮನೆಯಲ್ಲೇ ಕೇಳಬೇಕು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಅನುಕೂಲ ಆಗಿದೆ, ನಿಜ. ಆದರೆ ಉಡುಪಿ, ಮಂಗಳೂರು ಕಡೆ ಖಾಸಗಿ ಬಸ್ಸೇ ಜಾಸ್ತಿ. ಹುಡುಗರಿಗಂತೂ ಎಲ್ಲೂ ಇಲ್ಲ. ಪ್ರಯಾಣದ ಖರ್ಚಾದರೂ ಕೊಡಿ.

2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆದಾಗ ಅಷ್ಟೂ ಹುದ್ದೆ ತುಂಬಲಿಲ್ಲ. ಅರ್ಹರೇ ಸಿಗುತ್ತಿಲ್ಲ ಅಂತ ಎಲ್ಲರೂ ಹೇಳಿದರು. ತರಬೇತಿಯಲ್ಲಿದ್ದಾಗ ಅವರ ಜೊತೆ ಯಾರಿದ್ದರು ಅಂತ ಒಬ್ಬರೂ ಕೇಳಲಿಲ್ಲ.

ಮುಂದಿನ ಬ್ಯಾಚ್ ಶಾಲೆಗೆ ಬರುವ ಮೊದಲು ಒಂದು ಸುತ್ತೋಲೆ ಹೊರಡಿಸಿ. ಪ್ರಶಿಕ್ಷಣಾರ್ಥಿಯನ್ನು ಖಾಲಿ ಹುದ್ದೆಗೆ ಬದಲಿಯಾಗಿ ಬಳಸಬಾರದು ಅಂತ ಮೊದಲ ಸಾಲಲ್ಲೇ ಇರಲಿ. ಮಾರ್ಗದರ್ಶಕರ ತರಬೇತಿಗೆ ಜನ ಬೇಕಿದ್ದರೆ ನನ್ನಂಥ ನಿವೃತ್ತರನ್ನು ಕರೆಯಿರಿ. ಸಂಭಾವನೆ ಬೇಡ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ